ಹಡಗಿನಲ್ಲಿ ಕಂಡಕ್ಟರ್

ಮನೆ ಮಾರಿ, ಅಲ್ಲೇ ಇದ್ದುಬಿಡೋಣವೆಂದು ಪ್ರವಾಸಿ ಹಡಗು ಹತ್ತಿದ್ದು ನಮ್ಮ ಯಜಮಾನರ ಹುಮ್ಮಸ್ಸು. ಬಸ್ ಕಂಡಕ್ಟರ್ ಆಗಿದ್ದವರು. "ಜೀವಮಾನವೆಲ್ಲ ನಿಂತ್ಕೊಂಡೇ ಊರು ಸುತ್ತಿದೀನಿ ಕಣೇ, ಇನ್ಮೇಲೆ ಮಲ್ಕೊಂಡು ಸುತ್ತೋಣ" ಎಂದಿದ್ದರು. ಪ್ರವಾಸಿಗರು ವಾರಕ್ಕೊಮ್ಮೆ ಬದಲಾಗುತ್ತಿದ್ದರು. ಕೆಳ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಾವು ಮಾತ್ರ ಖಾಯಂ. ಮಂಚ ಬಿಟ್ಟರೆ ಚಾಪೆಯಗಲ ಜಾಗ. ಆದರೂ ಇರಲು ನಮಗಿದ್ದದ್ದು ಅದೊಂದೇ.

ಮೂರನೆಯ ವರ್ಷ ಅವರಿಗೆ ಮರೆವು ಹಿಡಿಯಿತು. ಬುದ್ಧಿ ಸ್ತಿಮಿತದಲ್ಲಿಲ್ಲದವರನ್ನು ಮುಂದಿನ ಬಂದರಿನಲ್ಲೇ ಇಳಿಸಿಬಿಡುವುದು ಹಡಗಿನ ನಿಯಮ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಊಟಕ್ಕೆ ಸಾಲು ನಿಂತವರಿಗೆ ಇವರು "ಒಳಗೆ ನಡೀರಿ, ಹಿಂದೆಲ್ಲಾ ಖಾಲಿ ಇದೆ!" ಎಂದು ಕೂಗಿದಾಗ, "ತಮಾಷೆ ಮಾಡ್ತಾರೆ, ಬಿಡಿ" ಎಂದು ನಕ್ಕೆ. ಜನರೂ ನಕ್ಕರು. ಕೋಣೆ ಗುಡಿಸುವ ಹೆಂಗಸು ನಗಲಿಲ್ಲ.

"ಅಜ್ಜಿ, ಅಜ್ಜನ ಕೈ ಬಿಡಬೇಡಿ" ಎಂದಳು.

ಒಂದು ಮಧ್ಯಾಹ್ನ ಬಟ್ಟೆ ಒಗೆದುಕೊಂಡು ಬರುವಷ್ಟರಲ್ಲಿ ಹಡಗಿಡೀ ಗಂಟೆ ಬಡಿದುಕೊಳ್ಳತೊಡಗಿತು. ಜನ ಲೈಫ್ ಜಾಕೆಟ್ ತೊಟ್ಟು ಮೆಟ್ಟಿಲಲ್ಲಿ ನೂಕಾಡುತ್ತಿದ್ದರು. ನಮ್ಮ ಕೋಣೆಯ ಎದುರು ಗೋಡೆಯಲ್ಲಿ, ಬೆಂಕಿ ಬಿದ್ದರೆ ಒತ್ತಬೇಕಾದ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಇವರು ನಿಂತಿದ್ದರು.

"ಅಯ್ಯೋ, ಏನ್ ಮಾಡಿದ್ರಿ!"

"ಯಾರೋ ಮುದುಕಿ ಇಳೀಬೇಕಂತೆ. ಎಷ್ಟು ಕೂಗಿದ್ರೂ ಡ್ರೈವರ್ ನಿಲ್ಲಿಸ್ತಿಲ್ಲ."

ಹಡಗಿನ ಅಧಿಕಾರಿ ಏದುಸಿರು ಬಿಡುತ್ತ ಓಡಿ ಬಂದ. "ಯಾರು ಒತ್ತಿದ್ದು?"

ಇವರ ಕೈ ಸರಿಸಿ ನಾನು ಮುಂದೆ ಬಂದೆ. "ನಾನೇ ಸಾರ್. ದೀಪದ ಸ್ವಿಚ್ಚು ಅಂದ್ಕೊಂಡೆ. ಕಣ್ಣು ಮಂಜು."

ಅವನು ಇನ್ನೇನು ನಂಬಿ ಹೊರಡುವುದರಲ್ಲಿದ್ದ. ಇವರಿಗೆ ರೋಷ ಉಕ್ಕಿತು.

"ಇವಳಿಗೇನ್ರೀ ಗೊತ್ತು ಗಂಟೆ ಹೊಡೆಯೋದು? ಇಷ್ಟು ವರ್ಷ ಸರ್ವಿಸ್ ಮಾಡಿರೋನು ನಾನು! ಅದಿರ್ಲಿ, ನಿಮ್ಮ ಟಿಕೆಟ್ ಆಯ್ತಾ?"

ಅಧಿಕಾರಿ ಅವರ ಮುಖವನ್ನೇ ನೋಡುತ್ತ ನಿಂತ. ಆಮೇಲೆ ನನ್ನ ಕಡೆ ತಿರುಗಿದ.

"ಅಮ್ಮಾ, ನಾಳೆ ಬೆಳಿಗ್ಗೆ ಬಂದರು ಬರುತ್ತೆ. ಸಾಮಾನು ಕಟ್ಕೊಳ್ಳಿ."

"ಎಲ್ಲಿಗೆ ಹೋಗ್ಲಪ್ಪಾ? ಅಲ್ಲಿ ನಮ್ಮ ಮಾತು ತಿಳಿಯೋರು ಯಾರೂ ಇಲ್ಲ."

ಅವನು ಟೋಪಿ ಸರಿಮಾಡಿಕೊಂಡು ಹೊರಟುಹೋದ.

ತಂಗಿಗೆ ಫೋನ್ ಮಾಡಿದೆ. "ಅಕ್ಕಾ, ನಾನೇ ಸೊಸೆ ಹಂಗಲ್ಲಿದೀನಿ. ಬಾ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದು ಅತ್ತಳು. ಅವಳನ್ನು ನಾನೇ ಸಮಾಧಾನ ಮಾಡಿ ಫೋನ್ ಇಟ್ಟೆ. ಇನ್ನೊಬ್ಬರ ಹೆಸರು ನೆನಪಿಗೆ ಬರಲಿಲ್ಲ.

ಒದ್ದೆ ಬಟ್ಟೆಯನ್ನೇ ಚೀಲಕ್ಕೆ ತುಂಬತೊಡಗಿದೆ. ಇವರು ಪಕ್ಕದಲ್ಲಿ ಕೂತು, ಯಾರೋ ಗುರುತಿಲ್ಲದವಳಿಗೆ ನೆರವಾಗುವವರ ಹಾಗೆ, ಒಂದೊಂದೇ ಎತ್ತಿ ಕೊಟ್ಟರು.