ಮಜ್ಜಿಗೆಗೆ ಬೆರೆಸಿದ ಪುಡಿ

ಕೊಂಡ್ಲಹಳ್ಳಿಯ ಬಸ್ ಸ್ಟ್ಯಾಂಡಿನ ಪಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಶಾಂತಕುಮಾರಿ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಕಡಲೆಹಿಟ್ಟನ್ನು ಅಂಗಡಿಯವನ ಎದುರೇ ನಾಲಿಗೆಗೆ ಹಚ್ಚಿ ನೋಡುತ್ತಾಳೆ. ಗಿರಾಕಿ ಕೊಟ್ಟ ನೋಟನ್ನು ಬಿಸಿಲಿಗೆ ಹಿಡಿಯುತ್ತಾಳೆ. ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವ ಗಂಡ ದಾಸಣ್ಣ ಫೋನಿನಲ್ಲಿ ಊಟ ಆಯ್ತು ಅಂದರೆ ಸಾಕು, ಏನು ಊಟ, ಯಾರು ಬಡಿಸಿದರು ಎಂದು ಕೆದಕದೆ ಬಿಡುವುದಿಲ್ಲ. ಈ ಲೋಕದಲ್ಲಿ ಅವಳು ಅನುಮಾನಪಡದೆ ಬಿಟ್ಟಿದ್ದು ಒಂದೇ ಒಂದು ಜೀವವನ್ನು, ಅತ್ತೆ ಚಿಕ್ಕಕ್ಕನನ್ನು. ತಾಯಿಯನ್ನು ಬುದ್ಧಿ ಬರುವ ಮೊದಲೇ ಕಳೆದುಕೊಂಡವಳಿಗೆ ಈ ಮುದುಕಿಯೇ ಅವ್ವ. ಅತ್ತೆ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚದಿದ್ದರೆ ಬಾಣಲೆಯ ಮುಂದೆ ಅವಳಿಗೆ ಕೈಯೇ ಓಡುತ್ತಿರಲಿಲ್ಲ. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಬಾಯಿಂದ ಅತ್ತೆಗೆ ದಿನವೂ ಸಿಗುತ್ತಿದ್ದುದು ಬೈಗುಳವೇ.

ಅಂಥವಳ ಕಣ್ಣೆದುರಿಗೇ, ರಸ್ತೆಯಾಚೆ ಪಾಳುಬಿದ್ದಿದ್ದ ಶೇಂಗಾ ಗೋದಾಮಿನಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಇಂಗ್ಲಿಷ್ ಔಷಧಿಯ ಡಾಕ್ಟರ್ ಐಶ್ವರ್ಯ, ಆಯುರ್ವೇದದ ಡಾಕ್ಟರ್ ಶಶಿಕಾಂತ್, ಇಬ್ಬರೂ ಒಂದೇ ಮೇಜಿನ ಹಿಂದೆ ಕೂತು ಒಬ್ಬನೇ ರೋಗಿಯನ್ನು ನೋಡುತ್ತಿದ್ದರು. ಫೀಸು ಒಂದು ಪ್ಲೇಟ್ ಬಜ್ಜಿಯ ಬೆಲೆ. ಊರಿನವರು ಬೆಳಿಗ್ಗೆಯೇ ಹೋಗಿ ಸಾಲು ನಿಂತರು.

"ಅಗ್ಗಕ್ಕೆ ಬಜ್ಜಿ ಕೊಡೋನು ಎಣ್ಣೆ ಹಳೇದು ಹಾಕಿರ್ತಾನೆ," ಎಂದಳು ಶಾಂತಕುಮಾರಿ. ಇದು ಅವಳ ಸ್ವಂತ ಕಸುಬಿನ ಜ್ಞಾನ, ಅಲ್ಲಗಳೆಯುವವರು ಯಾರು? "ಇಬ್ರು ಡಾಕ್ಟ್ರು ಜಗಳ ಇಲ್ದಂಗೆ ಒಂದೇ ಮೇಜಿಗೆ ಕೂತವ್ರೆ ಅಂದ್ರೆ ಒಳಗೆ ಏನೋ ಐತೆ, ನೋಡ್ತಿರ್ರಿ."

ಚಿಕ್ಕಕ್ಕನಿಗೆ ಕೀಲುನೋವು ಹಳೆಯದು. ದೇವಸಮುದ್ರದ ಕಡೆಯಿಂದ ಸಂತೆಯ ದಿನ ಬಸ್ಸಿಳಿಯುವ ನಾಟಿ ವೈದ್ಯ ಕೊಟ್ಟೂರಪ್ಪನ ಪುಡಿಯೇ ವರ್ಷಗಳಿಂದ ಅದಕ್ಕೆ ಮದ್ದು. ಬೆಳಿಗ್ಗೆ ಮಜ್ಜಿಗೆಯಲ್ಲಿ ಒಂದು ಚಮಚ. ಯಾರಿಗೂ ತೋರಿಸಬಾರದು, ಡಾಕ್ಟರ ಕೈ ಸೋಕಿದರೆ ಅದರ ಶಕ್ತಿ ಹೋಗುತ್ತದೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ಅತ್ತೆಯೇ ನಂಬಿದವನೆಂದು ಶಾಂತಕುಮಾರಿಯೂ ಅವನನ್ನು ಕೆದಕಿರಲಿಲ್ಲ. ಪುಡಿ ಶುರುವಾದ ಮೇಲೆ ಮುದುಕಿಯ ಸೊಟ್ಟಬೆರಳು ಚಾಕು ಹಿಡಿಯುವಂತಾಯಿತು. ಮುಖ ದುಂಡಗಾಗಿ ಮಿರಮಿರ ಮಿಂಚಿತು. ಮುಖದ ಈ ಕಳೆ ಮಾತ್ರ ತನ್ನ ಕೈಯಡುಗೆಯ ಮಹಿಮೆ ಎಂದು ಶಾಂತಕುಮಾರಿ ಒಳಗೊಳಗೇ ಬೀಗುತ್ತಿದ್ದಳು.

ಅತ್ತೆಯ ಕಾಟಕ್ಕೆ ಅವಳೂ ಒಮ್ಮೆ ಗೋದಾಮಿನ ಮೆಟ್ಟಿಲು ಹತ್ತಬೇಕಾಯಿತು. ಐಶ್ವರ್ಯ ಮುದುಕಿಯ ದುಂಡು ಮುಖ ನೋಡಿದಳು, ತೋಳಿನ ತೆಳುಚರ್ಮದ ಮೇಲಿನ ನೀಲಿ ಕಲೆಗಳನ್ನು ಮುಟ್ಟಿ ನೋಡಿದಳು.

"ಅಜ್ಜಿ, ಬೇರೆ ಏನಾದ್ರೂ ತಗೋತಿದೀರಾ? ಪುಡಿ, ಮಾತ್ರೆ, ಏನಾದ್ರೂ?"

ಚಿಕ್ಕಕ್ಕ ಬಾಯಿ ತೆರೆಯುವ ಮೊದಲೇ ಸೊಸೆ ಉತ್ತರಿಸಿದಳು. "ಏನೂ ಇಲ್ರಿ."

"ಇದ್ರೆ ಒಂಚೂರು ತಂದು ತೋರಿಸಿ ಅಕ್ಕ," ಎಂದ ಶಶಿಕಾಂತ್. "ಆದ್ರೆ ನೀವಾಗಿ ನಿಲ್ಲಿಸೋಕೆ ಮಾತ್ರ ಹೋಗ್ಬೇಡಿ."

ಅಷ್ಟು ಸಾಕಾಯಿತು. ನಾಟಿ ಮದ್ದು ಅಂದರೆ ಮೊದಲು ಬಿಡು ಎಂದು ಗದರುವುದು ಡಾಕ್ಟರರ ಜಾಯಮಾನ. ನಿಲ್ಲಿಸಬೇಡ, ತಂದು ತೋರಿಸು ಅನ್ನುವವನಿಗೆ ಆ ಪುಡಿಯೇ ಬೇಕಾಗಿದೆ! ನೋಡಿಕೊಂಡು ನಾಳೆ ಡಬ್ಬಿಗೆ ತುಂಬಿ ಮಾರುತ್ತಾನೆ. ಬಡಪಾಯಿ ಕೊಟ್ಟೂರಪ್ಪ ಬಾಯಿ ಬಾಯಿ ಬಡಿದುಕೊಳ್ಳಬೇಕು. ಶಾಂತಕುಮಾರಿ ಎಣ್ಣೆ, ಮಾತ್ರೆ ಇಸಿದುಕೊಂಡು ಅತ್ತೆಯ ಕೈ ಹಿಡಿದೆಳೆದುಕೊಂಡು ಹೊರಗೆ ಬಂದಳು.

ಅದಾದ ಮೇಲೆ ಚಿಕ್ಕಕ್ಕ ಬಜ್ಜಿ ತಿನ್ನಲು ಬಂದವರೆದುರೆಲ್ಲ ಗೋದಾಮಿನ ಎಣ್ಣೆಯನ್ನು ಹೊಗಳತೊಡಗಿದಳು. ತಿಕ್ಕಿದರೆ ಮಂಡಿ ಹಗುರಾಗುತ್ತದಂತೆ. ಡಾಕ್ಟರಮ್ಮ ಚಿನ್ನದಂಥ ಹುಡುಗಿಯಂತೆ. ಶಾಂತಕುಮಾರಿಗೆ ಮೈಯೆಲ್ಲ ಉರಿಯಿತು. ಗುಣ ಮಾಡುತ್ತಿರುವುದು ಪುಡಿ, ಹೆಸರು ಹೊಡೆಯುತ್ತಿರುವವರು ಇವರು. ಈ ಕಳ್ಳಾಟ ಬಯಲಿಗೆಳೆಯಲೇಬೇಕು. ಪುಡಿ ನಿಲ್ಲಿಸಿದರೆ ಇವರ ಎಣ್ಣೆಯ ಬಂಡವಾಳ ತಾನಾಗಿ ಗೊತ್ತಾಗುತ್ತದೆ. ಅತ್ತೆಯನ್ನು ಕೇಳಿದರೆ ಒಪ್ಪುವವಳಲ್ಲ. ಹಾಗಾಗಿ ಸದ್ದಿಲ್ಲದೆ ಒಣಶುಂಠಿ, ಮೆಂತ್ಯ ಹುರಿದು ಕುಟ್ಟಿ ಅದೇ ಬಣ್ಣ ಬರಿಸಿದಳು. ಬೆಳಿಗ್ಗೆ ಅದನ್ನೇ ಮಜ್ಜಿಗೆಗೆ ಕಲಸಿ ಕೊಟ್ಟಳು. ಚಿಕ್ಕಕ್ಕ ಲೋಟದ ತಳದವರೆಗೂ ಕುಡಿದಳು.

ಕೆಲವೇ ದಿನಗಳಲ್ಲಿ ಬೆರಳುಗಳು ಮತ್ತೆ ಸೆಟೆದುಕೊಂಡವು. ಶಾಂತಕುಮಾರಿಗೆ ಸಂಕಟದ ನಡುವೆಯೂ ಖುಷಿ. ಆದರೆ ಮುದುಕಿ ನೋವಿಗೆ ಕೂಗಾಡಲಿಲ್ಲ, ಮಂಕಾದಳು. ಮುದ್ದೆ ಮುರಿದು ಹಾಗೇ ಬಿಟ್ಟಳು. ಮಗನಿಗೆ ತಾನೇ ಫೋನ್ ಮಾಡಿಸಿ, ಕಾರಣವೇ ಇಲ್ಲದೆ ಬಹಳ ಹೊತ್ತು ಮಾತಾಡಿದಳು. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ತೆಗೆದು ಸೊಸೆಯ ಮುಂದಿಟ್ಟು, "ನೀನೇ ಉಟ್ಕೋ, ನಂಗ್ಯಾಕೆ ಇನ್ನು," ಎಂದಳು. ಇವಳ ತಲೆಗೆ ಆ ಗೋದಾಮಿನವರು ಏನು ತುಂಬಿದ್ದಾರೋ ಎಂದು ಶಾಂತಕುಮಾರಿ ರಸ್ತೆಯಾಚೆ ಕೆಕ್ಕರಿಸಿ ನೋಡಿದಳು.

ಒಂದು ಮಧ್ಯಾಹ್ನ ಚಿಕ್ಕಕ್ಕ ಈರುಳ್ಳಿ ಬುಟ್ಟಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡು ಕುಸಿದಳು. ಕೈಕಾಲು ತಣ್ಣಗೆ. ಶಾಂತಕುಮಾರಿ ಒಲೆ ಆರಿಸುವುದನ್ನೂ ಮರೆತು ಅತ್ತೆಯನ್ನು ಎತ್ತಿಕೊಂಡು ರಸ್ತೆ ದಾಟಿದಳು. ಹಿಂದೆ ಗಿರಾಕಿಗಳ ದಂಡು.

"ಏನ್ ಕೊಟ್ರಿ ನಮ್ಮತ್ತೆಗೆ? ಏನ್ ಮಾತ್ರೆ ಕೊಟ್ಟು ಹಿಂಗೆ ಮಾಡಿದ್ರಿ ಹೇಳ್ರಿ!"

ಐಶ್ವರ್ಯ ಅವಳತ್ತ ತಿರುಗಲೂ ಇಲ್ಲ. ಬಿಪಿ ನೋಡಿದಳು, ಮತ್ತೊಮ್ಮೆ ನೋಡಿದಳು. "ಬಿಪಿ ತೀರಾ ಇಳಿದಿದೆ. ಅಕ್ಕ, ಅಜ್ಜಿ ಯಾವುದೋ ಪುಡಿ ತಗೋತಿದ್ರು ಅಲ್ವಾ? ಅದನ್ನ ನಿಲ್ಲಿಸಿದ್ರಾ?"

ಬಾಗಿಲಲ್ಲಿ ಊರೇ ನಿಂತಿತ್ತು. ಇಷ್ಟು ದಿನ ಯಾರ ಮುಂದೆ ಇವರನ್ನು ಕಳ್ಳರು ಎಂದಿದ್ದಳೋ ಅವರೆಲ್ಲ ಅಲ್ಲೇ ಇದ್ದರು. ಶಾಂತಕುಮಾರಿ ಸೆರಗಿನಿಂದ ಅತ್ತೆಯ ಬಾಯಿ ಒರೆಸತೊಡಗಿದಳು.

"ನಿಜ ಹೇಳಿದ್ರೆ ಅಜ್ಜಿಗೆ ಏನು ಇಂಜೆಕ್ಷನ್ ಕೊಡ್ಬೇಕು ಅಂತ ನಂಗೆ ಗೊತ್ತಾಗುತ್ತೆ. ಬೇಗ ಹೇಳಿ."

"ನಿಲ್ಲಿಸ್ದೆ," ಎಂದಳು. "ಅತ್ತೆಗೆ ಹೇಳ್ದೆ ನಾನೇ ನಿಲ್ಲಿಸ್ದೆ ಕಣ್ರಿ."

ಇಂಜೆಕ್ಷನ್ ಆಯಿತು, ಸಲೈನ್ ಏರಿತು, ಆಂಬುಲೆನ್ಸ್ ಚಳ್ಳಕೆರೆಯತ್ತ ಹೊರಟಿತು. ದಾರಿಯಲ್ಲಿ ಶಶಿಕಾಂತ್ ಬಿಡಿಸಿ ಹೇಳಿದ. ಆ ಪುಡಿಗೆ ಯಾರೋ ಜೋರಾದ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿರಬೇಕು. ಮುಖ ದುಂಡಗಾದದ್ದೂ, ತೋಳಿನಲ್ಲಿ ಕಲೆ ಬಿದ್ದದ್ದೂ ಅದರಿಂದಲೇ ಇರಬೇಕು. ವರ್ಷಗಟ್ಟಲೆ ತಿಂದ ಮೈ ಅದಕ್ಕೇ ಒಗ್ಗಿಹೋಗಿರುತ್ತದೆ. ಸ್ವಲ್ಪಸ್ವಲ್ಪವಾಗಿ ಇಳಿಸಬೇಕು, ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಶಾಂತಕುಮಾರಿ ಮೊದಲು ಕೊಟ್ಟೂರಪ್ಪನನ್ನು ಮನಸಾರೆ ಶಪಿಸಿದಳು. ಆಮೇಲೆ ಅತ್ತೆಯ ತಣ್ಣನೆಯ ಪಾದ ಹಿಡಿದು ಕೂತಳು. ಶಪಿಸಬೇಕಾದವಳು ಇನ್ನೊಬ್ಬಳು ಇದ್ದಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಚಿಕ್ಕಕ್ಕ ಕಣ್ಣುಬಿಟ್ಟಳು. ಶಾಂತಕುಮಾರಿ ತಡೆದುಕೊಳ್ಳಲಾರದೆ ಎಲ್ಲವನ್ನೂ ಕಕ್ಕಿಬಿಟ್ಟಳು.

"ಪುಡಿ ಬದಲಾಯ್ಸಿದ್ದು ನಾನೇ ಅತ್ತೆ. ಬರೀ ಶುಂಠಿ, ಮೆಂತ್ಯ ಕಲಸಿ ಕೊಟ್ಟೆ."

"ಶುಂಠಿನಾ?" ಮುದುಕಿ ಸೊಸೆಯ ಮುಖವನ್ನೇ ನೋಡಿದಳು. "ಶುಂಠಿನಾ ಅದು?"

"ಹ್ಞೂ ಅತ್ತೆ."

"ರುಚಿ ಬ್ಯಾರೆ ಐತೆ ಅಂತ ಮೊದಲ್ನೇ ದಿನಾನೇ ಗೊತ್ತಾತು ಬಿಡು."

"ಮತ್ತೆ ಯಾಕೆ ಕೇಳ್ಲಿಲ್ಲ? ಇದೇನೇ ಅಂತ ಒಂದ್ ಮಾತು ಯಾಕೆ ಕೇಳ್ಲಿಲ್ಲ?"

ಚಿಕ್ಕಕ್ಕ ಸೂರಿನ ಕಡೆ ನೋಡಿದಳು. "ಏನಂತ ಕೇಳ್ಲವ್ವ? ನನ್ ಎತ್ತೋಳು ನೀನು, ತೊಳೆಯೋಳು ನೀನು. ನಿಂಗೂ ಸಾಕಾಗಿರ್ಬೇಕು, ಏನೋ ಹಾಕಿ ಕೊಡ್ತಾವ್ಳೆ ಅಂದ್ಕೊಂಡೆ. ಹೋಗೋದಾದ್ರೆ ನಿನ್ ಕೈಯಿಂದ್ಲೇ ಹೋಗ್ಲಿ ಅಂತ ಕುಡ್ದೆ."

ಶಾಂತಕುಮಾರಿ ಊರನ್ನೆಲ್ಲ ಅನುಮಾನದಿಂದ ನೋಡಿದ್ದಳು. ತನ್ನನ್ನೇ ಒಬ್ಬರು ಹೀಗೆ ಅನುಮಾನಿಸಿ, ತಾನು ಕೊಟ್ಟದ್ದನ್ನು ವಿಷವೆಂದೇ ತಿಳಿದು ದಿನಾ ಕುಡಿಯುತ್ತಿದ್ದರು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಸಿಸ್ಟರ್ ಬಂದು ಒಂದು ಮಾತ್ರೆ, ಲೋಟದ ನೀರು ಅವಳ ಕೈಗಿತ್ತು ಹೋದಳು. ಚಿಕ್ಕಕ್ಕ ಏನೂ ಕೇಳದೆ ಬಾಯಿ ತೆರೆದಳು.

"ಏನ್ ಮಾತ್ರೆ ಅಂತ ಕೇಳು ಅತ್ತೆ," ಎಂದಳು ಶಾಂತಕುಮಾರಿ. ಮಾತ್ರೆಯಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ನಿನ್ ಕಾಲಿಗ್ ಬೀಳ್ತೀನಿ, ಒಂದ್ಸಲ ಕೇಳು."

ಚಿಕ್ಕಕ್ಕ ಸೊಸೆಯನ್ನೇ ನೋಡುತ್ತ, ಮಾತ್ರೆಗಾಗಿ ಬಾಯಿ ತೆರೆದುಕೊಂಡೇ ಮಲಗಿದ್ದಳು.