ಎಣಿಸದೆ ಕಾಣುವ ನಾಲ್ಕು

ಟೈಲರ್ ಇಂದು ಶುಕ್ರವಾರ ಸಂಜೆ ತನ್ನ ಮಗಳಿಗೆ ಹೊಡೆದಳು. ಬರಿಗೈಯಲ್ಲಲ್ಲ, ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಮರದ ಸ್ಕೇಲಿನಲ್ಲಿ. ಹತ್ತು ವರ್ಷದ ಸಿರಿ ಅಳಲಿಲ್ಲ. ಕೆಂಪಗಾದ ಮೊಣಕೈಯನ್ನು ಹಿಡಿದುಕೊಂಡು, ಕೆಳಗೆ ಬಿದ್ದಿದ್ದ ಗಣಿತದ ಉತ್ತರಪತ್ರಿಕೆಯನ್ನೇ ನೋಡುತ್ತ ನಿಂತಳು. ಇಪ್ಪತ್ತೈದಕ್ಕೆ ಮೂರು ಅಂಕ ಬಂದಿತ್ತು.

"ಕನ್ನಡದಲ್ಲಿ ಅಷ್ಟೊಂದು ತಗೋತೀಯ. ಹದಿನೈದರಲ್ಲಿ ಏಳು ಕಳೆಯಕ್ಕೆ ಬರಲ್ವೇನೇ? ಮೈಗಳ್ಳಿ! ನೀನೂ ನನ್ನ ಥರ ಆಗ್ಬೇಡ ಅಂತ ತಾನೇ ನಾನು ಬಡ್ಕೊಳ್ಳೋದು?"

ಹದಿನೈದರಲ್ಲಿ ಏಳು ಕಳೆದರೆ ಎಷ್ಟೆಂದು ಇಂದುವಿಗೂ ಗೊತ್ತಿರಲಿಲ್ಲ.

ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದು ಬ್ಲೌಸ್ ಹೊಲಿಯುವ ಪುಟ್ಟ ಅಂಗಡಿ. ಅವಳು ಹೊಲಿದರೆ ಮತ್ತೆ ಬಿಚ್ಚುವ ಪ್ರಮೇಯವೇ ಇಲ್ಲವೆಂದು ಬಿಕ್ಕೋಡಿನಿಂದಲೂ ಹೆಂಗಸರು ಬರುತ್ತಿದ್ದರು. ಅವಳು ಅಳತೆಯನ್ನು ಪುಸ್ತಕದಲ್ಲಿ ಬರೆದವಳಲ್ಲ. ಒಬ್ಬೊಬ್ಬರಿಗೂ ಒಂದೊಂದು ಕಾಗದದ ಪಟ್ಟಿ ಕತ್ತರಿಸಿ, ತೋಳಿಗೆ, ಎದೆಗೆ, ಬೆನ್ನಿಗೆ ಕತ್ತರಿಯಿಂದ ಕಚ್ಚು ಹಾಕಿ, ಹೆಸರು ಬರೆದು ನೇತುಹಾಕುತ್ತಿದ್ದಳು. ಯಾರಾದರೂ ಕೇಳಿದರೆ, "ನಂಗೆ ಕಲಿಸಿದೋರು ಹಿಂಗೇ ಕಲಿಸಿದ್ದು" ಎನ್ನುತ್ತಿದ್ದಳು. ಅದು ಸುಳ್ಳು. ಟೇಪಿನ ಮೇಲಿನ ಅಂಕಿಗಳು ಅವಳ ಕಣ್ಣಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಈ ಗುಟ್ಟು ಗಂಡ ಇಂದ್ರೇಶನಿಗೂ ತಿಳಿದಿರಲಿಲ್ಲ.

ಸೋಮವಾರ ಶಾಲೆಯಿಂದ ಫೋನು ಬಂತು. ಸಿರಿಯ ಗಣಿತದ ಮೇಡಂ ಹೇಮಾಶ್ರೀ ಬರಹೇಳಿದ್ದರು. ಮೊಣಕೈಯ ಬಾಸುಂಡೆ ನೋಡಿ ಬೈಯಲು ಕರೆದಿದ್ದಾರೆ ಎಂದುಕೊಂಡು ಇಂದು ತಲೆ ತಗ್ಗಿಸಿಕೊಂಡೇ ಹೋದಳು. ಮಧ್ಯಾಹ್ನದ ಊಟದ ಹೊತ್ತು. ಖಾಲಿ ತರಗತಿಯಲ್ಲಿ ಸಿರಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮೇಡಂ ಕೈಯಲ್ಲಿ ಒಂದಿಷ್ಟು ಬಿಳಿ ರಟ್ಟುಗಳಿದ್ದವು.

"ಕೂತ್ಕೊಳ್ಳಿ. ಇವಳ ಹತ್ರ ಒಂದು ಚಿಕ್ಕ ಆಟ ಆಡಿಸ್ತೀನಿ, ನೀವೂ ನೋಡಿ. ಸಿರಿ, ಚುಕ್ಕಿ ಎಷ್ಟಿದೆ ಹೇಳಮ್ಮ."

ಒಂದು ರಟ್ಟನ್ನು ಎತ್ತಿ ತೋರಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಗುಚಿ ಇಟ್ಟರು.

"ಎಣಿಸಕ್ಕೇ ಬಿಡ್ಲಿಲ್ಲ ಮಿಸ್" ಎಂದಳು ಸಿರಿ.

ಮತ್ತೊಂದು ತೋರಿಸಿದರು. ಸಿರಿ ತುಟಿ ಕಚ್ಚಿಕೊಂಡು, "ಆರಾ?" ಎಂದಳು. ಇಂದುವಿಗೆ ತಡೆಯಲಾಗಲಿಲ್ಲ.

"ಅಷ್ಟು ಬೇಗ ಮುಚ್ಚಿಬಿಟ್ರೆ ಮಗು ಹೆಂಗೆ ಹೇಳುತ್ತೆ ಮೇಡಂ? ಯಾರಿಗಾದ್ರೂ ಆಗುತ್ತಾ ಅದು?"

ಹೇಮಾಶ್ರೀ ತಟ್ಟನೆ ಇಂದುವಿನ ಕಡೆ ತಿರುಗಿದರು. ಅಷ್ಟರಲ್ಲಿ ಅಡುಗೆಯ ಹುಚ್ಚಮ್ಮ ಸಾಂಬಾರಿನ ಬಕೆಟ್ ಹಿಡಿದು ಬಾಗಿಲ ಮುಂದೆ ಹಾದು ಹೋಗುತ್ತಿದ್ದಳು. ಆಕೆ ಶಾಲೆಗೆ ಬಂದದ್ದೇ ಅಡುಗೆ ಕೆಲಸಕ್ಕೆ. ಹಾಜರಿಗೆ ಹೆಬ್ಬೆಟ್ಟು ಒತ್ತುವವಳು.

"ಹುಚ್ಚಮ್ಮ, ಇದ್ರಲ್ಲಿ ಎಷ್ಟೈತೆ?" ಎಂದು ಮೇಡಂ ಅದೇ ರಟ್ಟನ್ನು ಅದೇ ವೇಗದಲ್ಲಿ ತೋರಿಸಿ ಮುಚ್ಚಿದರು.

"ನಾಕು" ಎಂದಳು ಹುಚ್ಚಮ್ಮ. ನಡಿಗೆ ಕೂಡ ನಿಧಾನ ಮಾಡಲಿಲ್ಲ. "ಯಾಕವ್ವ?"

"ಇದು?"

"ಮೂರು. ಸಾರು ಆರೋಯ್ತದೆ, ಬತ್ತೀನಿ ತಡೀರಿ."

ಇಂದು ಹುಚ್ಚಮ್ಮ ಹೋದ ದಿಕ್ಕನ್ನೇ ನೋಡಿದಳು.

"ಅವ್ರು ಎಣಿಸ್ಲೇ ಇಲ್ಲ" ಎಂದಳು. ಅವಳ ದನಿ ಅವಳಿಗೇ ಬೇರೆಯವರದೇನೋ ಎಂಬಂತೆ ಕೇಳಿಸಿತು. "ಯಾವಾಗ ಎಣಿಸಿದ್ರು?"

"ಎಣಿಸಲ್ಲ. ಮೂರು, ನಾಲ್ಕರವರೆಗೆ ಯಾರೂ ಎಣಿಸಲ್ಲ. ನೋಡಿದ ಕೂಡಲೇ ಕಾಣುತ್ತೆ."

"ಎಲ್ರಿಗೂನಾ?"

"ಹೆಚ್ಚೂಕಡಿಮೆ ಎಲ್ಲರಿಗೂ." ಹೇಮಾಶ್ರೀ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನಿಮಗೆ ಕಾಣಲ್ವಾ?"

ಮೂವತ್ತಾರು ವರ್ಷ ಇಂದು ನಂಬಿದ್ದು ಬೇರೆ. ಪ್ರಪಂಚದಲ್ಲಿ ಎಲ್ಲರೂ ತನ್ನಂತೆಯೇ ಒಂದು, ಎರಡು, ಮೂರು ಎಂದು ಒಳಗೊಳಗೇ ಎಣಿಸುತ್ತಾರೆ, ಅವರದು ಚುರುಕು, ತನ್ನದು ಮಂದ, ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದಳು. ಅವರೆಲ್ಲ ಎಣಿಸುತ್ತಲೇ ಇರಲಿಲ್ಲ! ಹೂವು ನೋಡಿದರೆ ಹೂವೆಂದು ಕಾಣುವ ಹಾಗೆ ಅವರಿಗೆ ನಾಲ್ಕು ಕಾಣುತ್ತಿತ್ತು.

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಕೆಲವರಿಗೆ ಕೆಂಪು ಹಸಿರು ಒಂದೇ ಥರ ಕಾಣುವ ಹಾಗೆ ಕೆಲವರಿಗೆ ಸಂಖ್ಯೆ ಹಿಡಿತಕ್ಕೆ ಸಿಗುವುದಿಲ್ಲ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಹೀಗಿರಬಹುದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ಸೋಮಾರಿತನಕ್ಕಂತೂ ಇಲ್ಲವೇ ಇಲ್ಲ. ಹಲವು ಸಲ ವಂಶದಲ್ಲೇ ಹರಿದು ಬರುತ್ತದೆ. "ನಾನು ಡಾಕ್ಟರಲ್ಲ, ಹಾಸನದಲ್ಲಿ ಗೊತ್ತಿರೋರಿಗೆ ತೋರಿಸೋಣ. ಆದ್ರೆ ಇವಳು ಬೇಕಂತ ತಪ್ಪು ಮಾಡ್ತಿಲ್ಲ. ಅದಂತೂ ಖಂಡಿತ."

ಸಿರಿ ಇಷ್ಟು ಹೊತ್ತೂ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮ, ನಿಂಗೂ ಕಾಣ್ಲಿಲ್ವಾ?"

ಇಂದು ತಲೆಯಾಡಿಸಿದಳು.

"ಮತ್ತೆ ನಂಗ್ಯಾಕೆ ಹೊಡೆದೆ?"

ಹೇಮಾಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿದರು. ಇಂದು ಮಗಳ ಮೊಣಕೈಯತ್ತ ಕೈ ಚಾಚಿದಳು. ಸಿರಿ ಬ್ಯಾಗು ಎತ್ತಿಕೊಂಡು ಊಟದ ಸಾಲಿಗೆ ಓಡಿಹೋದಳು. ಆಮೇಲೆ ಮೂರು ದಿನ ಅಮ್ಮನ ಜೊತೆ ಮಾತಾಡಲಿಲ್ಲ.

ಇಂದ್ರೇಶ ಹಳೇಬೀಡಿನ ಹೈಸ್ಕೂಲಿನಲ್ಲಿ ಗುಮಾಸ್ತ. ಬುಧವಾರ ಅವನು ಕೆಲಸ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದಾಗ ಇಂದು ಎಲ್ಲವನ್ನೂ ಹೇಳಿಬಿಟ್ಟಳು. ಅವನು ಲೋಟ ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲಿಲ್ಲ.

"ಹದಿಮೂರು ವರ್ಷ ಆಯ್ತು ಮದ್ವೆ ಆಗಿ. ನಂಗೂ ಹೇಳ್ಬಾರ್ದು ಅನ್ನಿಸ್ತಾ? ನಾನು ನಗ್ತೀನಿ ಅಂದ್ಕೊಂಡ್ಯಾ?"

"ಹೂಂ" ಎಂದಳು ಇಂದು.

ಅದು ಅವನಿಗೆ ಎಲ್ಲಿ ತಾಗಿತೋ, ಎದ್ದು ಹೊರಗೆ ಹೋದ. ಬಂದ ಮೇಲೆ, "ಭಾನುವಾರ ಊರಿಗೆ ಹೋಗ್ಬಾ. ಇದು ನಿಂಗೆ ಎಲ್ಲಿಂದ ಬಂತು ಅಂತ ನಿಮ್ಮಪ್ಪನ್ನ ಕೇಳು" ಎಂದ.

ಇಂದುವಿನ ತವರು ಅರಸೀಕೆರೆಯ ಹತ್ತಿರದ ಹಳ್ಳಿ. ಭಾನುವಾರ ಸಿರಿಯನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಅಪ್ಪ ಮರುಳಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದರು. ತಾಯಿ ದ್ರಾಕ್ಷಾಯಣಿ ಪಕ್ಕದಲ್ಲಿ ನಿಂತು ಎಣಿಸಿ ರಾಶಿ ಹಾಕಿಸುತ್ತಿದ್ದರು. ಮರುಳಪ್ಪ ಹೆಂಡತಿಯನ್ನು ಬಿಟ್ಟು ಹೆಜ್ಜೆ ಇಡಲಾರರೆಂದು ಊರವರು ತಮಾಷೆ ಮಾಡುವುದಿತ್ತು. ಸುಲಿಯುವವರು ಮಧ್ಯಾಹ್ನ ಊಟಕ್ಕೆ ಹೋದ ಮೇಲೆ ಇಂದು ಅಪ್ಪನ ಎದುರು ಕೂತಳು.

"ಅಪ್ಪ, ಮಗ್ಗಿ ಬರಲ್ಲ ಅಂತ ನನ್ನ ಕೊಟ್ಟಿಗೆ ಕಂಬಕ್ಕೆ ಕಟ್ಟಿ ಹೊಡ್ದಿದ್ರಿ. ಜ್ಞಾಪಕ ಐತಾ?"

ಮರುಳಪ್ಪ ಕಾಲ ಬಳಿಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು.

"ನೀವು ತಿಳ್ಕೊಂಡಂಗೆ ನಾನು ಸೋಮಾರಿ ಆಗಿರ್ಲಿಲ್ಲ ಅಪ್ಪ. ನನ್ಗೆ ಅಂಕಿ ಕಾಣೋದೇ ಇಲ್ಲ. ಈಗ ಸಿರಿಗೂ ಹಂಗೇ ಆಗೈತೆ."

ದ್ರಾಕ್ಷಾಯಣಿ ಗಂಡನ ಕಡೆ ನೋಡಿದರು. "ಇನ್ನಾದ್ರೂ ಹೇಳಿ. ಮೊಮ್ಮಗಳ ತಂಕ ಬಂತಲ್ಲ."

ಎಪ್ಪತ್ತು ದಾಟಿದ ಆ ಮನುಷ್ಯ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಚಿದರು, ಬಿಡಿಸಿದರು, ಮತ್ತೆ ಮಡಿಚಿದರು.

"ನಂಗೂ ಬರಕ್ಕಿಲ್ಲ ಕಣವ್ವ" ಎಂದರು. "ಗಡಿಯಾರ ನೋಡಕ್ಕೂ ಬರಕ್ಕಿಲ್ಲ. ಈ ಕಾಯಿ ರಾಶಿ ಎಷ್ಟೈತೆ ಅಂತ ಯಾವತ್ತೂ ತಿಳೀಲಿಲ್ಲ. ಎಲ್ಲಾ ನಿಮ್ಮವ್ವಂದೇ."

ಇಂದು ದಂಗಾಗಿ ಕೂತಳು. ಊರಿನ ಪಂಚಾಯ್ತಿಗಳಲ್ಲಿ ನ್ಯಾಯ ಹೇಳುವ, ಮಠದ ಕೆಲಸಗಳಿಗೆ ಮುಂದಾಳಾಗಿ ನಿಲ್ಲುವ ಅಪ್ಪ! ಕೈಗೆ ವಾಚು ಕಟ್ಟದೆ ಅವರು ಹೊರಗೆ ಹೋದದ್ದನ್ನೇ ಅವಳು ಕಂಡಿರಲಿಲ್ಲ.

"ಗೊತ್ತಿದ್ದೂ ಗೊತ್ತಿದ್ದೂ ಹೊಡುದ್ರಾ?"

"ನೀನೂ ನನ್ನಂಗಾಗ್ಬಾರ್ದು ಅಂತ ಹೊಡ್ದೆ."

ಸಿರಿ ಅಜ್ಜಿಯ ಪಕ್ಕದಿಂದ ಎದ್ದು ತಾತನ ಮುಂದೆ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು, ಅದಕ್ಕೇ ಕೇಳಿದಳು.

"ಹೊಡೆದ್ಮೇಲೆ ಅಮ್ಮಂಗೆ ಲೆಕ್ಕ ಬಂತಾ ತಾತ?"

ಮರುಳಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುವುದನ್ನು ಇಂದು ಹುಟ್ಟಿದ ಮೇಲೆ ಮೊದಲ ಸಲ ನೋಡಿದಳು. ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬರ್ಲಿಲ್ಲ ಕಣೇ. ತಪ್ಪಾಯ್ತು. ನಂದೂ ತಪ್ಪಾಯ್ತು."

ವಾಪಸು ಬೇಲೂರಿಗೆ ಬರುವಾಗ, ಬಸ್ಸು ಹಳೇಬೀಡಿನ ಕೆರೆ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಸಿರಿ ಅಂದಳು: "ಮಿಸ್ ಶನಿವಾರ ಬೇರೆ ಥರ ಹೇಳ್ಕೊಡ್ತಾರಂತೆ. ನೀನೂ ಬಾ. ಒಬ್ಳೇ ಕೂರಕ್ಕೆ ನಾಚ್ಕೆ."

ಆ ಶನಿವಾರ ಇಂದು ಅಂಗಡಿಯ ಬಾಗಿಲು ಅರ್ಧ ದಿನ ಹಾಕಿ, ಐದನೇ ತರಗತಿಯ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಮಗಳ ಪಕ್ಕ ಕೂತಳು. ಹೇಮಾಶ್ರೀ ಹುಣಸೆಬೀಜದ ಡಬ್ಬಿಯನ್ನು ಇಬ್ಬರ ಮುಂದೆಯೂ ಸುರಿದು, ಬೆರಳು ಮಡಚಿ ಎಣಿಸಲು ಯಾರೂ ಹೆದರಬಾರದು ಎಂದರು. ಇಂದು ಮಗಳಿಗೂ ಮೇಡಂಗೂ ಕಾಣುವ ಹಾಗೆ, ಮೇಜಿನ ಮೇಲೆ ಕೈಯಿಟ್ಟು, ದನಿಯೆತ್ತಿ ಎಣಿಸತೊಡಗಿದಳು.