ಸೋಪು ತರಲು ಹೋದವನು

ಬರಿಗೈಯಲ್ಲಿ ವಾಪಸು ಬಂದರೆ ಬೈಯಬೇಕೋ, ಸಮಾಧಾನ ಮಾಡಬೇಕೋ? ಅಥವಾ ಏನೂ ಆಗದವರ ಹಾಗೆ ಇಬ್ಬರ ಚೀಲವನ್ನೂ ಕಟ್ಟಿ ಮನೆಗೆ ಹೊರಟುಬಿಡುವುದೋ? ಮೂರನೆಯದೇ ಸುಲಭ ಎಂದುಕೊಂಡ ಶ್ರೀಪಾದ. ಸುಲಭವಾದದ್ದು ಮೊದಲು ಹೊಳೆದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಅನುಮಾನ.

ಅವನು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ರಸ್ತೆಯಾಚೆ ನೋಡುತ್ತಿದ್ದ. ಇಪ್ಪತ್ತೆರಡು ವರ್ಷದ ಮಗ ನಿತಿನ್ ಕಿರಾಣಿ ಅಂಗಡಿಯ ಮುಂದೆ, ಗಿರಾಕಿಗಳ ಹಿಂದೆ, ಕೈಕಟ್ಟಿ ನಿಂತಿದ್ದ. ಮೈಸೋಪು ಒಂದು ತರಬೇಕಿತ್ತು, ಅಷ್ಟೇ. ಆದರೆ ಅಂಗಡಿಯವನದು ಗುಜರಾತಿ. ನಿತಿನ್‌ಗೆ ಬರುವುದು ಕನ್ನಡವೊಂದೇ.

ಅದು ಅಪ್ಪ ಅಮ್ಮನ ಕೆಲಸವೇ. ಬುದ್ಧಿ ನಿಧಾನವಿರುವ ಮಗುವಿಗೆ ಒಂದೇ ಭಾಷೆ ಸಾಕು ಎಂದು ಸೂರತ್ತಿನ ಡಾಕ್ಟರು ಹೇಳಿದಾಗ ಶ್ರೀಪಾದ, ಇಂದಿರಾ ಇಬ್ಬರೂ ಯೋಚಿಸದೆ ಕನ್ನಡ ಎಂದಿದ್ದರು. ಮುಂದಿನ ವರ್ಗಾವಣೆಗೆ ಬ್ಯಾಂಕಿನವರು ಶ್ರೀಪಾದನನ್ನು ಹುಬ್ಬಳ್ಳಿಗೆ ಹಾಕುತ್ತಾರಲ್ಲ ಎಂಬ ನಂಬಿಕೆ. ಹಾಕಿದ್ದು ವಡೋದರಾಕ್ಕೆ, ಅಲ್ಲೇ ಉಳಿದರು. ಮಗಳು ವಿಂಧ್ಯಾ ಬೀದಿಯ ಗುಜರಾತಿಯನ್ನು ಮನೆಯೊಳಕ್ಕೂ ತಂದಳು. ನಿತಿನ್ ಮಾತ್ರ ಅಪ್ಪನ ಧಾರವಾಡದ ಕನ್ನಡವನ್ನು ಹಾಗೇ ಇಟ್ಟುಕೊಂಡ. ವಿಶೇಷ ಶಾಲೆಯಲ್ಲಿ ಅವನನ್ನು ಮೂಕನೆಂದೇ ತಿಳಿದಿದ್ದರು. ಹದಿನೆಂಟಕ್ಕೆ ಶಾಲೆ ಮುಗಿಯಿತು. ಆಮೇಲೆ ಮನೆ, ಕಿಟಕಿ, ಇಂದಿರಾಳ ಸೊಂಟನೋವು, ನಾವಿಲ್ಲದ ಮೇಲೆ ಹೇಗೆ ಎಂಬ ಮಾತು.

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಉಡುಪಿ ಹೋಟೆಲು ನಡೆಸುವ ಗಣಪತಿ ಹಳೆಯ ಪರಿಚಯ. ನಮ್ಮ ಅಡುಗೆಮನೆಯಲ್ಲಿ ನಡೆಯುವುದು ಕನ್ನಡವೇ, ಲೋಟ ತೊಳೆಯಲಿ, ಮಹಡಿಯಲ್ಲಿ ಕೆಲಸದವರ ಜೊತೆ ಇರಲಿ, ಸಂಬಳ ಕೊಡುತ್ತೇನೆ ಎಂದಿದ್ದ. ರೂಢಿಯಾಗುವವರೆಗೆ ಎಂದು ಶ್ರೀಪಾದ ರಜೆ ಹಾಕಿ ಮಗನ ಜೊತೆಗೇ ಬಂದು ಉಳಿದ. ಅವನ ಹಾಸಿಗೆಯನ್ನು ತಾನೇ ಸುತ್ತಿದ. ಅವನನ್ನು ಮಾತಾಡಿಸಿದವರಿಗೆ ತಾನೇ ಉತ್ತರ ಕೊಟ್ಟ. ಬಚ್ಚಲ ಕಟ್ಟೆಯಲ್ಲಿ ಪಕ್ಕಕ್ಕೆ ಕೂತು ಅರ್ಧ ಲೋಟ ತಾನೇ ತೊಳೆದ. ಗಣಪತಿ ಕೆಲವು ದಿನ ನೋಡಿದ. ಈ ಬೆಳಿಗ್ಗೆ ಗಲ್ಲಾದಿಂದಲೇ ಹೇಳಿದ:

"ಲೋಟ ತೊಳೆಯಲಿಕ್ಕೆ ನಾನು ಕರೆದದ್ದು ನಿಮ್ಮನ್ನಲ್ಲ ಮಾರಾಯ್ರೆ. ಬ್ಯಾಂಕಿನವರ ಸಂಬಳ ನನ್ನ ಕೈಲಾಗುವುದಿಲ್ಲ."

ಒಳಗೆ ಎಲ್ಲರೂ ನಕ್ಕರು. ನಿತಿನ್ ಕೂಡ ನಕ್ಕ. ಗಣಪತಿ ಅವನ ಕೈಗೆ ದುಡ್ಡು ಕೊಟ್ಟು ಸೋಪು ತರಲು ಕಳಿಸಿ, ಮೆಟ್ಟಿಲು ಇಳಿಯಬಾರದೆಂದು ಶ್ರೀಪಾದನಿಗೆ ತಾಕೀತು ಮಾಡಿದ.

ಅಂಗಡಿಯವನು ಏನೋ ಕೇಳಿದ. ಮತ್ತೆ ಕೇಳಿದ, ಈ ಸಲ ಕೈಯಾಡಿಸಿ. ಶ್ರೀಪಾದನ ಕಾಲು ಒಂದು ಮೆಟ್ಟಿಲು ಇಳಿದೇಬಿಟ್ಟಿತು. ಅಷ್ಟರಲ್ಲಿ ನಿತಿನ್ ಜೇಬಿನಿಂದ ಹಳೆಯ ಸೋಪಿನ ಹೊದಿಕೆ ತೆಗೆದು, ಅಂಗಡಿಯ ಹಲಗೆಯ ಮೇಲಿಟ್ಟು, ಸುಕ್ಕು ಹೋಗುವಂತೆ ಅಂಗೈಯಲ್ಲಿ ನೀವಿದ. ಅದನ್ನು ಯಾವಾಗ ಎತ್ತಿಟ್ಟುಕೊಂಡನೋ. ಯಾರೂ ಹೇಳಿಕೊಟ್ಟಿರಲಿಲ್ಲ.

ವಾಪಸು ಬಂದವನು ಸೋಪನ್ನು ಅಪ್ಪನಿಗೆ ಕೊಡಲಿಲ್ಲ. ಒಳಗೆ ಹೋಗಿ, ದೋಸೆ ಹುಯ್ಯುವ ಗದಗಿನ ಲಿಂಗರಾಜನ ಕೈಗಿಟ್ಟು ಬಂದ.

"ಅಪ್ಪಾ, ನೀ ಯಾವಾಗ ಹೋಗ್ತಿ?"

"ನಾಳೆ ನೋಡೋಣು."

"ಇವತ್ತ ಹೋಗು. ನಿನ್ನ ಗೊರಕಿಗೆ ಲಿಂಗರಾಜಗ ನಿದ್ದಿ ಬರವಲ್ದಂತ."

ಶ್ರೀಪಾದ ಮಹಡಿಗೆ ಹೋಗಿ ತನ್ನ ಚೀಲವನ್ನಷ್ಟೇ ಕಟ್ಟಿದ. ಇಳಿದು ಬಂದಾಗ ನಿತಿನ್ ಲೋಟಗಳ ಮುಂದೆ ಕೂತಿದ್ದ, ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಒರಗಿದವನಿಗೆ ನಡಿಯಾದ್ ದಾಟಿದ್ದೂ ಗೊತ್ತಾಗಲಿಲ್ಲ. ವಡೋದರಾದಲ್ಲಿ ಕಂಡಕ್ಟರ್ ಭುಜ ಅಲ್ಲಾಡಿಸಿ ಎಬ್ಬಿಸಬೇಕಾಯಿತು.

ಬಾಗಿಲು ತೆರೆದ ಇಂದಿರಾ ಅವನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು. ನಿತಿನ್ ಅತ್ತನೇ ಎಂದು ಕೇಳಿದಳು. ಇಲ್ಲ ಎಂದ. ಅವನ ಕೆಂಪಗಾದ ಕಣ್ಣು ನೋಡಿ, ನೀವು ದಾರಿಯುದ್ದಕ್ಕೂ ಅತ್ತಿದ್ದೀರಿ ಎಂದು ಅವಳೇ ಹೇಳಿ, ಚೀಲ ತೆಗೆದುಕೊಂಡು ಒಳಗೆ ಹೋದಳು.

ಬಸ್ಸು ಹೊರಟಾಗ ತನಗೆ ಹಗುರವೆನಿಸಿತ್ತು, ಅದಕ್ಕೇ ನಿದ್ದೆ ಬಂದಿತ್ತು ಎಂದು ಶ್ರೀಪಾದ ಅವಳಿಗೆ ಎಂದೂ ಹೇಳಲಿಲ್ಲ.